ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್ ಬೇಕೇ?

ಕೇಳುಗರಿಗೆ ನಮಸ್ಕಾರ.

ಏಳೆಂಟು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರ್ ನಿಧಾನವಾಯಿತು ಅಂದ ಕೂಡಲೇ ಸಾಮಾನ್ಯವಾಗಿ ಬರುವ ಮಾತು, "ಪ್ರೊಸೆಸರ್ ಹಳೇದಾಯ್ತು, ಬದಲಾಯಿಸಬೇಕು" ಅಂತ. ಪೆಟ್ಟಿಗೆಯೊಳಗಿನ ಭಾಗಗಳಲ್ಲಿ ಹೆಚ್ಚಿನವರಿಗೆ ಹೆಸರು ಗೊತ್ತಿರುವುದು ಅದೊಂದೇ, ಹಾಗಾಗಿ ಆರೋಪವೂ ಅದರ ತಲೆಗೇ. ನನ್ನನ್ನು ಕೇಳಿದರೆ ಅದನ್ನು ಕಟ್ಟಕಡೆಗೆ ಅನುಮಾನಿಸಬೇಕು. ತಪ್ಪು ಅದರದ್ದೇ ಎಂದು ಖಾತ್ರಿಯಾದ ಮೇಲೂ, ಬದಲಾಯಿಸಬಹುದೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಅದು ಕೂತಿರುವ ಮೂಲ ಹಲಗೆ, ಅಂದರೆ ಮದರ್‌ಬೋರ್ಡಿನದು.

ಮೊದಲು ತಪ್ಪು ಯಾರದ್ದೆಂದು ನೋಡೋಣ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟವನ್ನು ಕಣ್ಣೆದುರು ಇಟ್ಟುಕೊಂಡು, ನಿಮಗೆ ತಾಳ್ಮೆಗೆಡಿಸುವ ಕೆಲಸ ಯಾವುದೋ ಅದನ್ನೇ ಮಾಡಿ. ಡಿಸ್ಕ್ ಶೇಕಡಾ 100ಕ್ಕೆ ಹೋಗಿ, ಸಿಪಿಯು, ಅಂದರೆ ಪ್ರೊಸೆಸರ್, ಹತ್ತು ಹದಿನೈದರಲ್ಲಿ ಸುಮ್ಮನೆ ಕೂತಿದ್ದರೆ ಪ್ರೊಸೆಸರ್ ನಿರಪರಾಧಿ. ಅದು ಹಾರ್ಡ್ ಡಿಸ್ಕಿನ ದಾರಿ ಕಾಯುತ್ತಿದೆ, ಅಷ್ಟೇ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ಚದುರಿಬಿದ್ದ ಮಾಹಿತಿಯಾದರೆ ಸೆಕೆಂಡಿಗೆ ನೂರು ಬಾರಿಯ ಆಸುಪಾಸು ಓದಿದರೆ ಹೆಚ್ಚು. ತಿರುಗುವ ತಟ್ಟೆಯೇ ಇಲ್ಲದ ಸಾಧಾರಣ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಇನ್ನೂ ಹಾರ್ಡ್ ಡಿಸ್ಕಿನಿಂದಲೇ ವಿಂಡೋಸ್ ಏಳುತ್ತಿದ್ದರೆ ಬೇರೆ ಯಾವ ಲೆಕ್ಕಾಚಾರವೂ ಬೇಡ, ಮೊದಲು ಎಸ್‌ಎಸ್‌ಡಿ ಹಾಕಿಸಿ. ಮೆಮೊರಿ ಶೇಕಡಾ ತೊಂಬತ್ತು ದಾಟಿ ನಿಂತಿದ್ದರೆ, ನಡೆಯುತ್ತಿರುವ ಕೆಲಸದ ಮಾಹಿತಿ ಇಟ್ಟುಕೊಳ್ಳುವ ರ‍್ಯಾಮ್ ಸಾಲದಾಗಿದೆ.

ಇಲ್ಲೊಂದು ಮೋಸವಿದೆ. ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಯಬಲ್ಲ ಕೆಲಸದ ಎಳೆ) ಇರುವ ಪ್ರೊಸೆಸರಿನಲ್ಲಿ ಒಂದೇ ಒಂದು ಥ್ರೆಡ್ ಉಸಿರು ಕಟ್ಟಿ ದುಡಿಯುತ್ತಿದ್ದರೂ ಪರದೆಯ ಮೇಲಿನ ಒಟ್ಟು ಅಂಕಿ ಎಂಟರಲ್ಲೊಂದು ಪಾಲು, ಅಂದರೆ ಸುಮಾರು 12 ಅಥವಾ 13. ಅಂಕಿ ಅಲ್ಲೇ ಅಲುಗಾಡದೆ ನಿಂತು, ಡಿಸ್ಕೂ ಮೆಮೊರಿಯೂ ಬಿಡುವಾಗಿದ್ದರೆ ಆಗ ಪ್ರೊಸೆಸರನ್ನು ಅನುಮಾನಿಸಿ. ಅಂಥ ಕೆಲಸಕ್ಕೆ ಕೋರ್‌ಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ, ಒಂದೊಂದು ಕೋರೂ ಚುರುಕಾಗಿರಬೇಕು. ವಿಡಿಯೋ ಪರಿವರ್ತನೆಯಂಥ ಕೆಲಸದಲ್ಲಿ ಮಾತ್ರ ಎಲ್ಲ ಥ್ರೆಡ್‌ಗಳೂ ಒಟ್ಟಿಗೆ ನೂರಕ್ಕೆ ಏರುವುದನ್ನು ನೋಡುತ್ತೀರಿ. ಅಲ್ಲಿ ಕೋರ್ ಹೆಚ್ಚಿದಷ್ಟೂ ಲಾಭ.

ಬಿಸಿಯ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಫ್ಯಾನ್ ಅಬ್ಬರಿಸುತ್ತಿದ್ದರೂ ಕೆಲಸದ ಹೊತ್ತಿಗೇ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರಿನ ವೇಗದ ಅಂಕಿ ಕುಸಿಯುತ್ತಿದ್ದರೆ, ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಎಷ್ಟೋ "ಹಳೆಯ" ಪ್ರೊಸೆಸರ್‌ಗಳು ಅಷ್ಟಕ್ಕೇ ಸುಧಾರಿಸಿಕೊಳ್ಳುತ್ತವೆ.

ಇನ್ನು ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಇಲ್ಲಿ ಒಂದೇ ವಯಸ್ಸಿನ ಎರಡು ಕಂಪ್ಯೂಟರ್‌ಗಳ ಹಣೆಬರಹ ಬೇರೆಬೇರೆ. ಇಂಟೆಲ್‌ನ ಆರು ಮತ್ತು ಏಳನೇ ತಲೆಮಾರಿನ ಚಿಪ್‌ಗಳು ಎಲ್‌ಜಿಎ 1151 ಸಾಕೆಟಿನವು. ಎಂಟು, ಒಂಬತ್ತನೇ ತಲೆಮಾರಿನವೂ ಅದೇ ಹೆಸರಿನ ಸಾಕೆಟಿನವೇ, ಆದರೆ 300 ಸರಣಿಯ ಬೋರ್ಡ್ ಇಲ್ಲದೆ ಅವು ಏಳುವುದಿಲ್ಲ. ಅಳತೆ ಸರಿಯಿದೆಯೆಂದು ಕೊಂಡು ತಂದರೆ ಮೋಸಹೋದ ಹಾಗೆ. ಆರನೇ ತಲೆಮಾರಿನ ಎರಡು ಕೋರಿನ ಐ3 ಇದ್ದವರು ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ಅದರೊಳಗಿನ ತಂತ್ರಾಂಶವನ್ನು, ಅಪ್‌ಡೇಟ್ ಮಾಡಿ, ಏಳನೇ ತಲೆಮಾರಿನ ಐ7-7700 ಹಾಕಿಕೊಳ್ಳಬಹುದು, ವ್ಯತ್ಯಾಸವೂ ಕಾಣುತ್ತದೆ. ಆದರೆ ಅದು ಸಿಗುವುದು ಸೆಕೆಂಡ್‌ಹ್ಯಾಂಡ್ ಮಾಲಾಗಿ, ಬೇಡಿಕೆಯಿರುವುದರಿಂದ ಬೆಲೆಯೂ ಅಷ್ಟಾಗಿ ಇಳಿಯುವುದಿಲ್ಲ. ಮೂಗಿಗಿಂತ ಮೂಗುತಿ ಭಾರ. ಮೇಲಾಗಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿ ಆ ಐ7ಗೆ ಜಾಗವಿಲ್ಲ. ಲಿನಕ್ಸ್ ಬಳಸುವವರಿಗೆ ಈ ಚಿಂತೆ ಇಲ್ಲ ಅನ್ನಿ.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟಿನ ಬೋರ್ಡ್ ಇದ್ದವರು ಅದೃಷ್ಟವಂತರು. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಜೊತೆ ಕೊಂಡ ಬೋರ್ಡುಗಳಲ್ಲಿ ಎಷ್ಟೋ ಬೋರ್ಡುಗಳಿಗೆ, ಬಯಾಸ್ ಹೊಸದು ಮಾಡಿದರೆ, 5000 ಸರಣಿಯ ರೈಜನ್ ಕೂರುತ್ತದೆ. ಮೊದಲ ತಲೆಮಾರಿನ ರೈಜನ್‌ಗೆ ವಿಂಡೋಸ್ 11ರ ಪಟ್ಟಿಯಲ್ಲಿ ಜಾಗವಿರಲಿಲ್ಲ, 5000 ಸರಣಿಗೆ ಇದೆ. ಒಂದು ಚಿಪ್ ಬದಲಿಸಿದ್ದಕ್ಕೆ ವೇಗವೂ ಬಂತು, ಆಯಸ್ಸೂ ಬಂತು. ಇಂಥಲ್ಲಿ ನಾನು ಕಣ್ಣು ಮುಚ್ಚಿ ಪ್ರೊಸೆಸರ್ ಬದಲಿಸಿ ಅನ್ನುತ್ತೇನೆ. ಬೋರ್ಡ್ ತಯಾರಿಸಿದವರ ತಾಣದಲ್ಲಿ ಸಿಪಿಯು ಪಟ್ಟಿ ಇರುತ್ತದೆ, ನಿಮ್ಮ ಬೋರ್ಡಿನ ಪೂರ್ತಿ ಹೆಸರು ಹಿಡಿದು ಅದನ್ನು ನೋಡಿಕೊಂಡೇ ಕೊಳ್ಳಿ. ಬಯಾಸ್ ಅಪ್‌ಡೇಟ್ ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಆಗಬೇಕು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಇನ್ನೊಂದು ಗಮನಿಸಿ: ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕೊನೆಗೆ ಜಿ ಅಕ್ಷರವಿರುವ 5600ಜಿಯಲ್ಲಿ ಇದೆ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ.

ಕೈಯಾರೆ ಬದಲಿಸುವವರಿಗೆ ಒಂದು ಸಂಗತಿ ಹೇಳಲೇಬೇಕು. ಎಎಂ4 ಚಿಪ್‌ಗಳಲ್ಲಿ ಪಿನ್ನುಗಳಿರುವುದು ಚಿಪ್‌ನ ಹೊಟ್ಟೆಯಡಿ, ಒಟ್ಟು 1331. ವರ್ಷಗಟ್ಟಲೆ ಕೂತ ಪೇಸ್ಟ್ ಅಂಟಿನಂತಾಗಿರುತ್ತದೆ. ಚಿಪ್ ಮೇಲೆ ಕೂತ ಕೂಲರನ್ನು, ಅಂದರೆ ಫ್ಯಾನ್ ಇರುವ ತಂಪುಕಾರಿಯನ್ನು, ನೇರವಾಗಿ ಮೇಲಕ್ಕೆ ಎಳೆದರೆ, ಸಾಕೆಟಿನ ಸನ್ನೆ ಬೀಗ ಹಾಕಿದ್ದಂತೆಯೇ ಚಿಪ್ಪೂ ಕಿತ್ತುಕೊಂಡು ಬಂದು, ಪಿನ್ನುಗಳು ಬಾಗುತ್ತವೆ. ಅದಕ್ಕೇ ಮೊದಲು ಕಂಪ್ಯೂಟರಿಗೆ ಹತ್ತಿಪ್ಪತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟ್ ಬಿಸಿಯಾಗಿ ಸಡಿಲವಾಗಲು ಬಿಡಿ. ಆಮೇಲೆ ಆಫ್ ಮಾಡಿ, ವಿದ್ಯುತ್ ತಂತಿ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಇಂಟೆಲ್‌ನ ಈಚಿನ ಸಾಕೆಟುಗಳಲ್ಲಿ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ. ಅಲ್ಲಿ ಚಿಪ್ ಇಡುವಾಗ ಬೆರಳು ಜಾರಬಾರದು.

ಸಾಕೆಟ್ ಒಪ್ಪದಿದ್ದರೆ? ಬೋರ್ಡ್ ಬದಲಾದರೆ ಬಹಳ ಸಲ ರ‍್ಯಾಮೂ ಬದಲಾಗುತ್ತದೆ, ಎಎಂ4ರ ನಂತರದ ಎಎಂ5 ಬೋರ್ಡುಗಳು ಡಿಡಿಆರ್5 ಎಂಬ ಬಗೆಯ ಮೆಮೊರಿ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅದನ್ನು ಅಪ್‌ಗ್ರೇಡ್ ಎಂದು ಕರೆದುಕೊಂಡು ನಮ್ಮನ್ನು ನಾವೇ ಸಮಾಧಾನ ಮಾಡಿಕೊಳ್ಳಬಹುದು, ಖರ್ಚು ಮಾತ್ರ ಹೊಸ ಕಂಪ್ಯೂಟರಿನದೇ. ಕ್ಯಾಬಿನೆಟ್, ಪವರ್ ಸಪ್ಲೈ, ಎಸ್‌ಎಸ್‌ಡಿ ಉಳಿಯುತ್ತವೆ, ಅದೂ ಬಿಡಿಭಾಗ ಜೋಡಿಸಿದ ಕಂಪ್ಯೂಟರಾದರೆ. ಕಂಪನಿಯಿಂದಲೇ ಸಿದ್ಧವಾಗಿ ಬಂದವುಗಳಲ್ಲಿ ಬೋರ್ಡಿನ ಆಕಾರ, ಪವರ್ ಕನೆಕ್ಟರ್ ಎಷ್ಟೋ ಸಲ ಅವರದ್ದೇ ಆಗಿರುತ್ತವೆ. ಅಂಥದ್ದಕ್ಕೆ ಎಸ್‌ಎಸ್‌ಡಿ, ರ‍್ಯಾಮ್ ಹಾಕಿ ನಡೆದಷ್ಟು ದಿನ ನಡೆಸಿ, ಆಮೇಲೆ ಪೂರ್ತಿ ಹೊಸದನ್ನೇ ಕೊಳ್ಳುವುದು ವಾಸಿ.

ಪ್ರೊಸೆಸರ್ ಬದಲಿಸಲು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಡಿಸ್ಕಿನ ಬೀಗದ ಕೀಲಿ ಪ್ರೊಸೆಸರಿನೊಳಗಿನ ಟಿಪಿಎಂ ಎಂಬ ಭದ್ರತಾ ಘಟಕಕ್ಕೆ ಗಂಟುಬಿದ್ದಿರಬಹುದು. ಚಿಪ್ ಬದಲಾದ ಮೇಲೆ ವಿಂಡೋಸ್ ನಿಮ್ಮಿಂದ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಒಂದು ಕಾಗದದಲ್ಲಿ ಬರೆದುಕೊಂಡು, ಕೆಲಸ ಮುಗಿಯುವವರೆಗೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ.

ನಮಸ್ಕಾರ.