ಮೊದಲು ನೀರು ಸಾಕಿ

ಮೀನು ಸಾಕುವ ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿಗಳೇ, ಅವರಿಗೆ ಅಂಕ ಕೊಡಲಿರುವ ಮೇಷ್ಟ್ರುಗಳೇ,

ನಿಮ್ಮ ವರದಿಗಳನ್ನೆಲ್ಲ ಓದಿದೆ. ಮೀನಿನ ತೂಕ ಇದೆ, ಉದ್ದ ಇದೆ, ಬಣ್ಣದ ಫೋಟೋ ಇದೆ. ನೀರಿನ ಲೆಕ್ಕ ಮಾತ್ರ ಹೆಚ್ಚಿನವರಲ್ಲಿ ಇಲ್ಲ. ಅದನ್ನೇ ಕೇಳೋಣ ಅಂತ ಬಂದೆ. ತೊಟ್ಟಿ ಇಟ್ಟವರು ಮೊದಲು ಸಾಕಬೇಕಾದದ್ದು ನೀರನ್ನು.

ಒಂದು ಲೆಕ್ಕ ಹಾಕಿ. 10 ಗ್ರಾಂ ಆಹಾರ ಹಾಕಿದಿರಿ. ಅದರಲ್ಲಿ ಶೇ. 30 ಪ್ರೋಟೀನ್ ಅಂದರೆ 3 ಗ್ರಾಂ. ಪ್ರೋಟೀನಿನಲ್ಲಿ ಸುಮಾರು ಶೇ. 16 ಸಾರಜನಕ. ಅಲ್ಲಿಗೆ ಹತ್ತಿರ ಹತ್ತಿರ ಅರ್ಧ ಗ್ರಾಂ ಸಾರಜನಕ ತೊಟ್ಟಿಗೆ ಬಿತ್ತು. ಮೀನಿನ ಮೈಗೆ ಹತ್ತುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕಿವಿರಿನಿಂದ ಅಮೋನಿಯಾ ಆಗಿ ನೀರಿಗೇ ವಾಪಸ್ ಬರುತ್ತದೆ. ಅದು ಮೀನಿಗೆ ವಿಷ. ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ನಾವೋ, ತೊಟ್ಟಿ ತಂದ ದಿನವೇ ಮೀನೂ ಬಿಡುತ್ತೇವೆ, ಅಲ್ವಾ?

ನನಗೆ ತುಂಬಾ ಇಷ್ಟವಾದ ಒಂದು ಪುಸ್ತಕ ಇದೆ. ಒಬ್ಬ ಹುಡುಗಿಯ ಪ್ರಾಜೆಕ್ಟ್ ಪುಸ್ತಕ. ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಜೊತೆಗಿದ್ದವರು ‘ಪಾಪ, ಹಸಿವು’ ಅಂದರು. ಒಬ್ಬ ಆಗಲೇ ಆಹಾರದ ಡಬ್ಬಿ ತೆಗೆದಿದ್ದ. ಇವಳು ಅವನ ಕೈ ಹಿಡಿದು ನಿಲ್ಲಿಸಿದಳು. ನೀರಿಗೆ ಗಾಳಿ ಊದುವ ಏರೇಟರಿನ ಗುಳ್ಳೆ ನೋಡಿದಳು. ಒಂದೊಂದೇ, ಸಣ್ಣಗೆ ಬರುತ್ತಿತ್ತು. ಗುಳ್ಳೆ ಹೊರಡುವ ಗಾಳಿ ಕಲ್ಲನ್ನು ಎತ್ತಿ ನೋಡಿದರೆ ಮೈತುಂಬಾ ಲೋಳೆ. ಹಸಿದ ಮೀನು ಆಹಾರದ ಕಡೆ ನುಗ್ಗುತ್ತದೆ. ಉಸಿರು ಸಾಲದ ಮೀನು ನಿಂತಲ್ಲೇ ಬಾಯಿ ಆಡಿಸುತ್ತದೆ. ಈ ವ್ಯತ್ಯಾಸ ಅವಳ ಕಣ್ಣಿಗೆ ಬಿದ್ದಿತ್ತು. ಕಲ್ಲು ತೊಳೆದಳು, ಮೂರನೇ ಒಂದು ಭಾಗ ನೀರು ಬದಲಾಯಿಸಿದಳು. ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ಇವತ್ತು ಆಹಾರ ಇಲ್ಲ. ಕಾರಣ: ಆಮ್ಲಜನಕ ಕಡಿಮೆ.’ ಆ ಎರಡು ಸಾಲಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ!

ಬೆಳೆದ ಮೀನು ಒಂದೆರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಒಂದು ಹೊತ್ತು ಜಾಸ್ತಿ ಹಾಕಿದರೆ ನೀರು ಕೆಡುತ್ತದೆ. ಮತ್ತೆ ಅದೇ ಮಾತಿಗೆ ಬಂದೆ, ಬರಲೇಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಸೆಖೆಯ ದಿನ ಕೈ ಬಿಗಿ ಹಿಡಿಯಿರಿ.

ಸಮಯ ಆಯಿತು ಅಂತ ಚೀಟಿ ಬಂತು. ಬೇಗ ಹೇಳುತ್ತೇನೆ. ಕೆಲವೇ ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಉಳಿದದ್ದನ್ನು ಬಲೆಯಲ್ಲಿ ತೆಗೆಯಿರಿ. ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿ. ರೋಗದ ವಿಷಯ ಹೇಳಬೇಕಿತ್ತು, ಇವತ್ತು ಬಿಡೋಣ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಮೀನು ಸತ್ತಿದೆ ಅಂತ ಅಂಕ ಕಳೆಯಬೇಡಿ. ಯಾಕೆ ಸತ್ತಿತು ಅಂತ ಆ ಮಗು ನೀರಿನ ಲೆಕ್ಕ ತೋರಿಸಿ ಹೇಳಿದರೆ, ದಯವಿಟ್ಟು ಅದಕ್ಕೆ ಅಂಕ ಕೊಡಿ.