ರವಿಕೆಯ ಒಳಗಿನ ಅಂಚು

ಕೇಳುಗರಿಗೆ ನಮಸ್ಕಾರ.

ಹಾಸನದ ಬೀದಿಗಳಲ್ಲಿ ‘ಫಾಲ್, ಪಿಕೋ ಮಾಡಿಕೊಡಲಾಗುತ್ತದೆ’ ಎಂಬ ಬೋರ್ಡುಗಳನ್ನು ನೋಡಿರುತ್ತೀರಿ. ಆ ಪಿಕೋ ಯಂತ್ರದ ಸೂಜಿ ಎಡಕ್ಕೂ ಬಲಕ್ಕೂ ಓಲಾಡುತ್ತ ಹೊಲಿಯುತ್ತದೆ. ಅದೇ ಜಿಗ್‌ಜ್ಯಾಗ್ ಹೊಲಿಗೆ. ಸೀರೆಗೆ ಇಷ್ಟೆಲ್ಲ ಆರೈಕೆ ಮಾಡುವ ನಾವು ರವಿಕೆಯ ಒಳಭಾಗವನ್ನು ಮಾತ್ರ ತಿರುಗಿಸಿಯೂ ನೋಡುವುದಿಲ್ಲ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಒಗೆದದ್ದು ಒಣಗದೆ ವಾಸನೆ ಬಂದು ಮತ್ತೆ ಒಗೆಯುವುದುಂಟು. ಹಾಗೆ ಉಜ್ಜಿಸಿಕೊಂಡ ಅಂಚು ಎಳೆಯೆಳೆಯಾಗಿ ಬಿಚ್ಚುತ್ತ ಹೊಲಿಗೆಯ ಬುಡಕ್ಕೇ ಬಂದಿರುತ್ತದೆ.

‘ಓವರ್‌ಲಾಕ್, ಅಂದರೆ ಅಂಚಿಗೆ ದಾರ ಸುತ್ತಿ ಹೊಲಿಯುವ ಯಂತ್ರದ ಹೊಲಿಗೆ, ಮಾಡಿಸಿದರಾಯಿತಲ್ಲ’ ಎನ್ನಬಹುದು. ಚೂಡಿದಾರಕ್ಕೆ ಸರಿ. ಆದರೆ ಓವರ್‌ಲಾಕ್ ಯಂತ್ರಕ್ಕೆ ಬ್ಲೇಡು ಇರುತ್ತದೆ, ಹೊಲಿಯುತ್ತಲೇ ಅಂಚನ್ನು ಕತ್ತರಿಸುತ್ತದೆ. ಮುಂದೆ ಬೇಕಾದೀತೆಂದು ಪಕ್ಕದಲ್ಲಿ ಬಿಟ್ಟ ಒಂದಿಂಚು ಮಾರ್ಜಿನ್, ಕೈ ತಪ್ಪಿದರೆ ಕಸದ ಬುಟ್ಟಿಗೆ. ಬಾಣಂತನ ಮುಗಿಸಿದ ಮಗಳ ರವಿಕೆಯನ್ನು ಸಡಿಲಿಸಲು ಆ ಒಂದಿಂಚೇ ಆಸ್ತಿ! ರವಿಕೆಯ ಮಟ್ಟಿಗೆ ನನ್ನ ಓಟು ಜಿಗ್‌ಜ್ಯಾಗಿಗೇ.

ಪಕ್ಕಗಳನ್ನು ಕೂಡಿಸುವ ಮೊದಲೇ ಎರಡೂ ಅಂಚುಗಳಿಗೆ ಬೇರೆಬೇರೆಯಾಗಿ ಜಿಗ್‌ಜ್ಯಾಗ್ ಹಾಕಿ. ಆಗ ಮಾರ್ಜಿನ್ ಬಿಡಿಸಿಕೊಂಡು ಚಪ್ಪಟೆಯಾಗಿ ಕೂರುತ್ತದೆ. ಸಾಧಾರಣ ಹತ್ತಿಬಟ್ಟೆಗೆ ಹೊಲಿಗೆಯ ಅಗಲ 4 ಮಿಲಿಮೀಟರ್, ಉದ್ದ 2 ಇಟ್ಟು ನೋಡಿ. ಗುಟ್ಟೆಲ್ಲ ಇರುವುದು ಸೂಜಿ ಬೀಳುವ ಜಾಗದಲ್ಲಿ. ಎಡಕ್ಕೆ ಬಂದಾಗ ಬಟ್ಟೆಯ ಮೇಲೆ, ಬಲಕ್ಕೆ ಹೋದಾಗ ಅಂಚನ್ನು ಕೂದಲೆಳೆಯಷ್ಟು ದಾಟಿ ಹೊರಗೆ. ಹೀಗಾದರೆ ನೂಲು ಅಂಚನ್ನು ಸುತ್ತಿ ಹಿಡಿಯುತ್ತದೆ. ಎರಡೂ ಕಡೆ ಬಟ್ಟೆಯ ಮೇಲೆಯೇ ಬಿದ್ದರೆ ಹೊರಗುಳಿದ ಎಳೆಗಳು ಬಿಚ್ಚುತ್ತವೆ. ತೀರಾ ಹೊರಗೆ ಬಿದ್ದರೆ ಅಂಚು ಸುರುಳಿಯಾಗುತ್ತದೆ. ತೆಳು ಬಟ್ಟೆಯಾದರೆ ಅಗಲವನ್ನು 3ಕ್ಕೆ ಇಳಿಸಿ, ಮೇಲಿನ ದಾರದ ಬಿಗಿಯನ್ನೂ ತುಸು ಸಡಿಲಿಸಿ, ಅಡಿಗೆ ತೆಳ್ಳನೆಯ ಕಾಗದ ಇಟ್ಟು ಹೊಲಿದು ಹರಿದು ತೆಗೆಯಿರಿ. ತೋಳಿನ ಸುತ್ತಿನಲ್ಲಿ ಬಟ್ಟೆಯನ್ನು ಎಳೆಯಲೇಬೇಡಿ, ಅಲ್ಲಿ ಬಟ್ಟೆ ಎಳೆಗಳಿಗೆ ಓರೆಯಾಗಿ ಕತ್ತರಿಸಿರುವುದರಿಂದ ಹಿಗ್ಗಿಬಿಡುತ್ತದೆ.

ಇನ್ನೊಂದು ಮಾತು. ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗವೇ ಫುಟ್ಟು. ನೇರ ಹೊಲಿಗೆಯ ಕಿರಿದಾದ ತೂತಿನ ಫುಟ್ಟನ್ನು ಬದಲಿಸದೆ ಜಿಗ್‌ಜ್ಯಾಗಿಗೆ ತಿರುಗಿಸಿದರೆ ಸೂಜಿ ಬಡಿದು ಮುರಿಯುತ್ತದೆ. ಅಗಲ ಸೀಳಿನ ಫುಟ್ಟು ಹಾಕಿ, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿಯೇ ಮೋಟಾರು ಚಾಲೂ ಮಾಡಿ.

ಮನೆಯಲ್ಲಿ ಹಳೆಯ ಕಪ್ಪು ಯಂತ್ರವಿದ್ದವರು ಬೇಸರಪಡಬೇಕಿಲ್ಲ. ಅದರ ಸೂಜಿ ಓಲಾಡುವುದಿಲ್ಲ, ನಿಜ. ತೆಳು ಹತ್ತಿಯಾದರೆ ಅಂಚನ್ನು ಸಣ್ಣಗೆ ಮಡಚಿ ನೇರ ಹೊಲಿಗೆ ಹಾಕಿ. ದಪ್ಪ ಬಟ್ಟೆಗೆ ಮಾತ್ರ ಬೇಡ, ಆ ಮಡಿಕೆ ಮೈಗೆ ಒತ್ತುತ್ತದೆ.

ನಮಸ್ಕಾರ.