ನಗುವ ಮುಖಪುಟ ಮತ್ತು ಒಪ್ಪಿಸುವ ದನಿ

ನಮಸ್ಕಾರ. ಇವತ್ತಿನ ಸಂಚಿಕೆಯಲ್ಲಿ 1979ರ ಡಿಸೆಂಬರ್‌ನಲ್ಲಿ ಲಂಡನ್ನಿನಿಂದ ಹೊರಬಂದ ಒಂದು ಆಲ್ಬಂ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕೇಳುಗರು ಅಂದಿನಿಂದ ಅದರ ಬಗ್ಗೆ ಆಡುತ್ತ ಬಂದಿರುವ ಮಾತುಗಳ ಬಗ್ಗೆ ನನ್ನ ಅಭಿಪ್ರಾಯ ಹೇಳಬೇಕೆಂದಿದ್ದೇನೆ. ತಂಡದ ಹೆಸರು ಥ್ರಾಬಿಂಗ್ ಗ್ರಿಸಲ್, ಆಲ್ಬಂ ಹೆಸರು ಟ್ವೆಂಟಿ ಜಾಜ್ ಫಂಕ್ ಗ್ರೇಟ್ಸ್, ಅಂದರೆ ಜಾಜ್-ಫಂಕ್ ಶೈಲಿಯ ಇಪ್ಪತ್ತು ಶ್ರೇಷ್ಠ ಹಾಡುಗಳು. ಅದರಲ್ಲಿ ಇಪ್ಪತ್ತು ಹಾಡುಗಳಿಲ್ಲ, ಇರುವುದು ಹನ್ನೊಂದು. ಜಾಜ್ ಎಂದಾಗಲಿ ಫಂಕ್ ಎಂದಾಗಲಿ ಕರೆಯಬಹುದಾದದ್ದು ಅದರಲ್ಲಿ ಹೆಚ್ಚೇನೂ ಇಲ್ಲ.

ಯಂತ್ರದಂಥ ಗದ್ದಲವನ್ನೇ ಸಂಗೀತವಾಗಿಸುವ ಶೈಲಿಗೆ ಇಂಡಸ್ಟ್ರಿಯಲ್ ಸಂಗೀತ ಎಂಬ ಹೆಸರು ಬಂದದ್ದೇ ಈ ತಂಡದ ನಾಲ್ವರು ಕಟ್ಟಿಕೊಂಡ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸಂಸ್ಥೆಯಿಂದ. ಜೆನೆಸಿಸ್ ಪಿ-ಆರಿಜ್, ಕೋಸಿ ಫ್ಯಾನಿ ಟುಟ್ಟಿ, ಪೀಟರ್ ಕ್ರಿಸ್ಟೋಫರ್ಸನ್ ಮತ್ತು ಕ್ರಿಸ್ ಕಾರ್ಟರ್ ಸೇರಿ 1977ರಲ್ಲಿ ಹೊರತಂದ ಮೊದಲ ಎಲ್‌ಪಿಯನ್ನು, ಅಂದರೆ ಎರಡು ಬದಿಗಳ ದೊಡ್ಡ ರೆಕಾರ್ಡನ್ನು, ಮೊದಲ ಬಾರಿಗೆ ಒತ್ತಿಸಿದ್ದು ಕೇವಲ 785 ಪ್ರತಿ. ಹೊದಿಕೆ ಬರೀ ಬಿಳಿ, ಅದರ ಮೇಲೊಂದು ಚೀಟಿ. ಒಳಗಿದ್ದದ್ದು ಕೊರೆಯುವ ಯಂತ್ರದಂಥ ಗದ್ದಲ, ಕೆಸರಿನಲ್ಲಿ ಹೂತಂತೆ ಕೇಳಿಸುವ ಮಾತು, ಒಂದೇ ಹಾಡಿನ ಬೇರೆ ಬೇರೆ ರೂಪಗಳು. ಅದಕ್ಕೂ ಒಂದು ವರ್ಷ ಮೊದಲು, 1976ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಐಸಿಎ ಗ್ಯಾಲರಿಯಲ್ಲಿ ಇವರ ಕಲಾತಂಡ ನಡೆಸಿದ ಪ್ರದರ್ಶನವನ್ನು ಕಂಡು ಸಂಸದ ನಿಕೋಲಸ್ ಫೇರ್‌ಬೇರ್ನ್ ಇವರನ್ನು ನಾಗರಿಕತೆಯನ್ನು ಹಾಳುಗೆಡಹುವವರು ಎಂದು ಬೈದಿದ್ದರು. ಇಂಥ ತಂಡದ ಕೈಯಿಂದ ಕಿವಿಗೆ ಹಿತವಾದ, ತಾಳಕ್ಕೆ ಕಾಲು ಕುಣಿಸಬಹುದಾದ ಆಲ್ಬಂ ಬಂದಾಗ ಹಳೆಯ ಕೇಳುಗರಲ್ಲಿ ಒಂದು ಪಾಲು ಮುಖ ಸಿಂಡರಿಸಿದ್ದು ಸಹಜ. ಆ ದೂರು ಇಂದಿಗೂ ಕೇಳಿಬರುತ್ತದೆ: ಇದು ಮೆತ್ತಗಾದ ಆಲ್ಬಂ, ಗದ್ದಲದ ಧೈರ್ಯವನ್ನು ಕಳೆದುಕೊಂಡದ್ದು ಎಂದು.

ಈ ದೂರಿಗೆ ಎದುರಾಗಿ ನಿಂತವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೊಸ ಕೇಳುಗರಿಗೆ ಇಂಡಸ್ಟ್ರಿಯಲ್ ಸಂಗೀತದ ಪರಿಚಯ ಮಾಡಿಸುವಾಗ, ಇಲ್ಲಿಂದ ಶುರು ಮಾಡಿ, ಇದು ಸುಲಭ, ಎಂದು ಸಲಹೆ ಕೊಡುವುದು ರೂಢಿಯಾಗಿಬಿಟ್ಟಿದೆ. ಒಂದು ಗುಂಪು ಮೆತ್ತಗೆ ಎಂದು ದೂರುತ್ತದೆ, ಇನ್ನೊಂದು ಅದನ್ನೇ ಸುಲಭ ಎಂದು ಹೊಗಳುತ್ತದೆ. ಇಬ್ಬರೂ ಕೇಳಿದ್ದು ಒಂದನ್ನೇ, ಮೇಲ್ಮೈಯನ್ನು. ನನ್ನ ತಿಳಿವಳಿಕೆಯಲ್ಲಿ ಈ ತಂಡದ ಆಲ್ಬಂಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು ಇದೇ, ಏಕೆಂದರೆ ಇದರ ವಿಷಯವೇ ಮನವೊಲಿಕೆ. ಇನ್ನೊಬ್ಬರನ್ನು ನಯವಾಗಿ, ನಗುನಗುತ್ತ, ತಮಗೆ ಬೇಕಾದ ಕಡೆಗೆ ತಿರುಗಿಸುವುದು ಹೇಗೆ ಎಂಬುದನ್ನು ಗದ್ದಲದಲ್ಲಿ ತೋರಿಸಲು ಬರುವುದಿಲ್ಲ. ಅದಕ್ಕೆ ಹಿತವಾದ ದನಿಯೇ ಬೇಕು.

ಮುಖಪುಟವನ್ನೇ ನೋಡಿ. ಹುಲ್ಲುಗಾವಲು, ಹೂವು, ತಿಳಿಬಣ್ಣದ ಬಟ್ಟೆ ತೊಟ್ಟು ಸಾಲಾಗಿ ನಿಂತು ಮುಗುಳ್ನಗುವ ನಾಲ್ವರು. ಅಗ್ಗದ ಅಂಗಡಿಯ ರಿಯಾಯಿತಿ ಬುಟ್ಟಿಯಲ್ಲಿ ಸಿಗುವ ಹಾಡುಗಳ ಸಂಕಲನದಂತೆ ಕಾಣಬೇಕೆಂಬುದೇ ಉದ್ದೇಶವಾಗಿತ್ತೆಂದು ಕೋಸಿ ನಂತರ ವಿವರಿಸಿದ್ದಾರೆ. ಚಿತ್ರ ತೆಗೆದ ಜಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೀಚಿ ಹೆಡ್, ಸಮುದ್ರದಿಂದ 162 ಮೀಟರ್ ಎತ್ತರದ ಸುಣ್ಣಕಲ್ಲಿನ ಕಡಿಬಂಡೆ. ಬದುಕಿನಲ್ಲಿ ಭರವಸೆ ಕಳೆದುಕೊಂಡ ಎಷ್ಟೋ ಜನ ಪ್ರಾಣ ಬಿಟ್ಟ ಸ್ಥಳ ಅದು. ಇದನ್ನು ಬರೀ ತಮಾಷೆ ಎನ್ನುವ ಕೇಳುಗರಿದ್ದಾರೆ, ಹೃದಯಹೀನ ಎನ್ನುವವರೂ ಇದ್ದಾರೆ. ಎರಡನೆಯವರ ಆಕ್ಷೇಪ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ತಂಡದ ಕ್ರಿಸ್ಟೋಫರ್ಸನ್ ಅವರು ಪಿಂಕ್ ಫ್ಲಾಯ್ಡ್‌ನಂಥ ತಂಡಗಳಿಗೆ ಹೊದಿಕೆ ವಿನ್ಯಾಸ ಮಾಡಿಕೊಡುತ್ತಿದ್ದ ಹಿಪ್ನೋಸಿಸ್ ಸಂಸ್ಥೆಯಲ್ಲಿ ದುಡಿಯುತ್ತಿದ್ದರು; ಒಂದು ಚಿತ್ರ ಕೊಳ್ಳುವವರ ಕೈಯನ್ನು ಹೇಗೆ ಎಳೆಯುತ್ತದೆ ಎಂಬುದು ಅವರಿಗೆ ವೃತ್ತಿಯಿಂದಲೇ ಗೊತ್ತಿತ್ತು. ನಿಂತ ನೆಲದ ಸತ್ಯವನ್ನು ಮುಚ್ಚಿಡುವ ಆ ನಗುವೂ ಒಂದು ಮನವೊಲಿಕೆ, ಅದನ್ನು ಅವರು ಬೇಕೆಂದೇ ಬಳಸಿದ್ದಾರೆ.

ರೆಕಾರ್ಡಿನ ಮೊದಲ ಬದಿಯಲ್ಲಿ ಶೀರ್ಷಿಕೆಯ ಹಾಡು, ಕೋಸಿ ಅವರು ಊದುವ ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯ, ಬೀಚಿ ಹೆಡ್ ಎಂಬ ಮಂಜಿನಂಥ ತುಣುಕು, ಜನರನ್ನು ನಂಬಿಸುವ ಕುರಿತೇ ಇರುವ ಕನ್ವಿನ್ಸಿಂಗ್ ಪೀಪಲ್ ಎಲ್ಲವೂ ಇವೆ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎರಡನೆಯ ಬದಿಯ ಆರಂಭದಲ್ಲಿ. ಅಲ್ಲಿ ಮೊದಲು ಬರುವುದು ಹಾಟ್ ಆನ್ ದ ಹೀಲ್ಸ್ ಆಫ್ ಲವ್. ಕಾರ್ಟರ್ ಅವರ ಯಂತ್ರಗಳು ಇಟಲಿಯ ಡಿಸ್ಕೊ ಸಂಗೀತಗಾರ ಜಾರ್ಜಿಯೊ ಮೊರೊಡರ್ ಶೈಲಿಯ ಬಡಿತವನ್ನು ಒಂದೇ ಸಮನೆ ಹೊಡೆಯುತ್ತಿರುತ್ತವೆ, ಅದರ ಮೇಲೆ ಕೋಸಿ ಹಾಡುವುದಿಲ್ಲ, ಪಿಸುಗುಡುತ್ತಾರೆ. ಮುಂದೆ ಬಂದ ಟೆಕ್ನೊ ಎಂಬ ಯಂತ್ರಬಡಿತದ ನೃತ್ಯಸಂಗೀತದ ಹಿರಿಯಕ್ಕನೆಂದು ಇದನ್ನು ಕೊಂಡಾಡುವ ಕೇಳುಗರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೆ ಆ ಹಾಡು ಮುಗಿದ ಕೂಡಲೇ ಬರುವುದು ಪರ್ಸುವೇಶನ್, ಅಂದರೆ ಮನವೊಲಿಕೆ. ಆರು ನಿಮಿಷಕ್ಕೂ ಮೀರಿದ ಆ ಹಾಡಿನಲ್ಲಿ ಬಾಸ್ ಗಿಟಾರ್ ಎರಡೇ ಸ್ವರಗಳ ನಡುವೆ ನಿಧಾನವಾಗಿ ಹೆಜ್ಜೆ ಹಾಕುತ್ತದೆ, ಕೋಸಿ ಅವರ ಗಿಟಾರ್ ಆಗಾಗ ಗಾಯದಂತೆ ತೆರೆದುಕೊಳ್ಳುತ್ತದೆ, ಜೆನೆಸಿಸ್ ಅವರ ದನಿ ಏರದೆ ಇಳಿಯದೆ, ಬೇಸರ ಬಂದವರಂತೆ, ಹೆಣ್ಣೊಬ್ಬಳನ್ನು ಅವಳಿಗೆ ಬೇಡವಾದದ್ದಕ್ಕೆ ಒಪ್ಪಿಸುವ ಬಗೆಯನ್ನು ಹೇಳುತ್ತ ಹೋಗುತ್ತದೆ. ಆ ದನಿಯಲ್ಲಿ ಬೆದರಿಕೆಯಿಲ್ಲ, ಕಿರುಚಾಟವಿಲ್ಲ. ಅದು ಮುಗಿಯುತ್ತಿದ್ದಂತೆ ವಾಕ್‌ಅಬೌಟ್ ಎಂಬ, ಬೆಳಗಿನ ಬಿಸಿಲಿನಂಥ ಪುಟ್ಟ ಸಿಂಥಸೈಸರ್ ತುಣುಕು ಏನೂ ನಡೆದೇ ಇಲ್ಲವೆಂಬಂತೆ ಶುರುವಾಗುತ್ತದೆ. ಈ ಮೂರರ ಅನುಕ್ರಮವನ್ನು ನಾನು ಈ ಆಲ್ಬಂನ ಬೆನ್ನೆಲುಬು ಎಂದು ತಿಳಿದಿದ್ದೇನೆ. ಆಸೆಯ ಪಿಸುಮಾತು, ಅದರ ಬೆನ್ನಿಗೇ ಒತ್ತಾಯ, ಆಮೇಲೆ ಎಲ್ಲವನ್ನೂ ಒರೆಸಿಹಾಕುವ ಲವಲವಿಕೆ.

ಇಂದು ಹೆಚ್ಚಿನವರು ಹಾಡುಗಳನ್ನು ಬಿಡಿಬಿಡಿಯಾಗಿ ಕೇಳುತ್ತಾರೆ. ಮೊದಲನೆಯದನ್ನು ನೃತ್ಯದ ಪಟ್ಟಿಗೆ ಸೇರಿಸಿ, ಎರಡನೆಯದನ್ನು ಹಾರಿಸಿ, ಮೂರನೆಯದನ್ನು ಕೆಲಸ ಮಾಡುವಾಗ ಹಾಕಿಕೊಳ್ಳುತ್ತಾರೆ. ಹಾಗೆ ಕೇಳಿದವರು ಇದನ್ನು ಸುಲಭದ ಆಲ್ಬಂ ಎಂದರೆ ಆಶ್ಚರ್ಯವೇನೂ ಇಲ್ಲ. ಅವರ ಅಭಿರುಚಿಯ ಮೇಲೆ ನನ್ನ ತಕರಾರಿಲ್ಲ. ನಡುವಿನ ಹಾಡನ್ನು ತೆಗೆದ ಮೇಲೆ ಉಳಿದೆರಡರ ಅರ್ಥವೂ ಬದಲಾಗುತ್ತದೆ ಎಂಬುದಷ್ಟೇ ನನ್ನ ವಾದ.

ಪರ್ಸುವೇಶನ್ ಅನ್ನು ಹಾರಿಸುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ, ಅದು ಗಂಭೀರವಾದದ್ದು. 2017ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಕೋಸಿ, ತಾವು ಜೊತೆಯಾಗಿದ್ದ ಕಾಲದಲ್ಲಿ ಜೆನೆಸಿಸ್ ತಮ್ಮ ಮೇಲೆ ನಡೆಸಿದ ಹಿಂಸೆಯನ್ನೂ ದಬ್ಬಾಳಿಕೆಯನ್ನೂ ಬರೆದಿದ್ದಾರೆ. 2020ರಲ್ಲಿ ತೀರಿಕೊಂಡ ಜೆನೆಸಿಸ್ ಅದನ್ನು ನಿರಾಕರಿಸಿದ್ದರು. ಪುಸ್ತಕ ಓದಿದ ಮೇಲೆ ಆ ಹಾಡನ್ನು ಕೇಳಲಾಗುವುದಿಲ್ಲ ಎನ್ನುವವರ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಮನವೊಲಿಕೆಯನ್ನು ದೂರದಿಂದ ಪರೀಕ್ಷಿಸುತ್ತಿದ್ದಂತೆ ತೋರಿದ ಹಾಡು ಈಗ ಅಷ್ಟು ದೂರದ್ದಾಗಿ ಉಳಿದಿಲ್ಲ. ಇದನ್ನು ಮರೆಮಾಚಿ ಆ ಆಲ್ಬಂ ಅನ್ನು ಹೊಗಳುವುದು ಸರಿಯಲ್ಲ.

ಹಾಗೆಂದು ಇಡೀ ಆಲ್ಬಂ ಅನ್ನೇ ಬದಿಗಿಡಬೇಕು ಎಂಬ ಅಭಿಪ್ರಾಯಕ್ಕೆ ನಾನು ಸೇರುವುದಿಲ್ಲ. ಹಾಗೆ ಮಾಡಿದರೆ ಮೊದಲು ಬದಿಗೆ ಸರಿಯುವುದು ಕೋಸಿ ಅವರ ಕೆಲಸವೇ. ಆ ಪಿಸುದನಿ ಅವರದು, ಆ ಕಾರ್ನೆಟ್ ಅವರದು. ಪರ್ಸುವೇಶನ್ ಹಾಡಿನಲ್ಲಿ ಸಮತಟ್ಟಾದ ಗಂಡುದನಿಯನ್ನು ಅಡ್ಡಗಟ್ಟಿ ಕೂಗುವ ಗಿಟಾರನ್ನು ನುಡಿಸಿದವರೂ ಅವರೇ. 1981ರಲ್ಲಿ ತಂಡ ಮುರಿದ ಮೇಲೆ ಕಾರ್ಟರ್ ಜೊತೆಗೂಡಿ ಅವರು ದಶಕಗಟ್ಟಲೆ ಮುಂದುವರಿಸಿದ ಸಂಗೀತದ ಬೇರೂ ಇದೇ ಎರಡನೆಯ ಬದಿಯಲ್ಲಿದೆ. ಆದ್ದರಿಂದ ಈ ಆಲ್ಬಂ ಬಗ್ಗೆ ಯಾರಾದರೂ ನನ್ನ ಸಲಹೆ ಕೇಳಿದರೆ ನಾನು ಹೇಳುವುದಿಷ್ಟು: ಎರಡನೆಯ ಬದಿಯಿಂದ ಶುರು ಮಾಡಿ, ಮೊದಲ ಮೂರನ್ನು ಅನುಕ್ರಮ ಕೆಡಿಸದೆ ಒಂದೇ ಉಸಿರಿಗೆ ಕೇಳಿ, ಪರ್ಸುವೇಶನ್‌ಗೆ ಬಂದಾಗ ಮಾತಿಗಿಂತ ಆ ಗಿಟಾರಿಗೆ ಹೆಚ್ಚು ಕಿವಿಗೊಡಿ.